ಗಡ್ಡೆ ಸಾಧು, ಜಾಗ ಸಾಧುವಲ್ಲ

ಬೆರಳ ತುದಿಗೆ ತಣ್ಣೀರು ತಾಗಿದರೆ ಸಾಕು, ಜೀವ ಹೋದಂತಾಗುತ್ತದೆ. ಉಗುರಿಗೆ ಬಟ್ಟೆಯ ಅಂಚು ತಗುಲಿದರೂ ಕೈ ತಾನಾಗಿ ಹಿಂದೆ ಸರಿಯುತ್ತದೆ. ಹೊರಗಿನಿಂದ ನೋಡಿದರೆ ಊತವಿಲ್ಲ, ಗಾಯವಿಲ್ಲ, ಕೀವಿಲ್ಲ. ಎಕ್ಸ್‌ರೇ ತೆಗೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಂಥ ನೋವು ಹೊತ್ತುಕೊಂಡು ವರ್ಷಗಟ್ಟಲೆ ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆಯುವವರಿದ್ದಾರೆ. ಕೆಲವರಿಗೆ ‘ನರದ ತೊಂದರೆ’ ಎಂದು ಮಾತ್ರೆ ಸಿಗುತ್ತದೆ. ಕೆಲವರಿಗೆ ‘ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂಬ ಮಾತು ಸಿಗುತ್ತದೆ. ಕೊನೆಗೊಂದು ದಿನ ಯಾರೋ ಅನುಮಾನಪಟ್ಟು ಉಗುರು ಎತ್ತಿ ನೋಡಿದಾಗ, ಕೆಳಗೆ ಕೆಲವೇ ಮಿಲಿಮೀಟರ್ ಅಗಲದ ಒಂದು ಗಡ್ಡೆ ಕೂತಿರುತ್ತದೆ. ಅದರ ಹೆಸರು ಗ್ಲೋಮಸ್ ಗಡ್ಡೆ. ಕ್ಯಾನ್ಸರ್ ಅಲ್ಲ. ಪೂರ್ತಿ ತೆಗೆದರೆ ನೋವೂ ಹೋಗುತ್ತದೆ.

ನಮ್ಮ ಬೆರಳ ತುದಿಗಳಲ್ಲಿ ಶಾಖವನ್ನು ಹಿಡಿತದಲ್ಲಿಡುವ ಪುಟ್ಟ ಪುಟ್ಟ ರಕ್ತನಾಳದ ಗಂಟುಗಳಿವೆ. ಈ ಗಡ್ಡೆ ಹುಟ್ಟುವುದು ಅವುಗಳಿಂದಲೇ. ಚಳಿ ತಾಗಿದಾಗ ನೋವು ಕೆರಳುವುದೂ ಅದಕ್ಕೇ. 1812ರಲ್ಲೇ ವಿಲಿಯಂ ವುಡ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಚರ್ಮದಡಿಯ ಇಂಥ ನೋವಿನ ಗಂಟುಗಳ ಬಗ್ಗೆ ಬರೆದಿದ್ದರು. ಅದು ಯಾವ ಕೋಶಗಳಿಂದ ಆದದ್ದು ಎಂದು ಫ್ರಾನ್ಸಿನ ಪೆಥಾಲಜಿಸ್ಟ್ ಪಿಯೆರ್ ಮಾಸೋನ್ ತಿಳಿಸಿದ್ದು 1924ರಲ್ಲಿ. ನಡುವೆ ನೂರು ವರ್ಷಕ್ಕಿಂತ ಜಾಸ್ತಿ ಕಳೆದಿತ್ತು.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಗುಂಡುಪಿನ್ನಿನ ತಲೆಯಿಂದ ಉಗುರಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಒತ್ತುತ್ತಾ ಹೋಗಬೇಕು. ಒಂದೇ ಒಂದು ಚುಕ್ಕಿಯಲ್ಲಿ ರೋಗಿ ಚೀರುತ್ತಾರೆ, ಅದರ ಪಕ್ಕದಲ್ಲೇ ಒತ್ತಿದರೆ ಏನೂ ಇಲ್ಲ. ಆಮೇಲೆ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ, ರಕ್ತ ಹರಿಯದಷ್ಟು ಗಾಳಿ ತುಂಬಿ ಮತ್ತೆ ಅದೇ ಚುಕ್ಕಿ ಒತ್ತಿದರೆ ನೋವು ಮಾಯ. ಪಟ್ಟಿ ಸಡಿಲಿಸಿದರೆ ಮರಳಿ ಬರುತ್ತದೆ. ಇಷ್ಟು ಸರಳವಾದ ಪರೀಕ್ಷೆ ಕೈಯಲ್ಲಿದ್ದೂ ಜನ ವರ್ಷಗಟ್ಟಲೆ ನರಳುತ್ತಾರಲ್ಲ ಎಂದು ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಇಲ್ಲಿ ಕೊರತೆ ತಂತ್ರಜ್ಞಾನದ್ದಲ್ಲ. ಉಗುರಿನ ಕೆಳಗೂ ಗಡ್ಡೆ ಇರಬಹುದು ಎಂದು ಯಾರಿಗೂ ಹೊಳೆಯದೆ ಇರುವುದೇ ಕೊರತೆ.

‘ಸಾಧು’ ಎಂಬ ಮಾತಿನ ಮಿತಿ

ವೈದ್ಯರು ‘ಬಿನೈನ್’ ಎಂದಾಗ ನಾವು ಸಾಧು ಗಡ್ಡೆ ಎಂದು ಅರ್ಥ ಮಾಡಿಕೊಂಡು ನಿಟ್ಟುಸಿರು ಬಿಡುತ್ತೇವೆ. ಬಿಡಬೇಕಾದದ್ದೇ. ಆದರೆ ಆ ಮಾತು ಹೇಳುವುದು ಕೋಶಗಳ ಗುಣವನ್ನು ಮಾತ್ರ. ಅವು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ. ಪಕ್ಕದ ಅಂಗದೊಳಗೆ ನುಗ್ಗುವುದಿಲ್ಲ, ಅದನ್ನು ತಳ್ಳುತ್ತಾ ಜಾಗ ಮಾಡಿಕೊಳ್ಳುತ್ತವೆ. ರಕ್ತದಲ್ಲಿ ಹರಿದು ದೂರದ ಅಂಗದಲ್ಲಿ ಬೀಡು ಬಿಡುವುದಿಲ್ಲ. ಗಡ್ಡೆ ಕೂತ ಜಾಗ ಎಂಥದ್ದು ಎಂಬುದನ್ನು ಈ ಪದ ಹೇಳುವುದೇ ಇಲ್ಲ.

ಕೊಬ್ಬಿನ ಗಡ್ಡೆಯನ್ನೇ ತೆಗೆದುಕೊಳ್ಳಿ. ಬೆನ್ನಿನ ಚರ್ಮದಡಿ ನೆಲ್ಲಿಕಾಯಿ ಗಾತ್ರದ್ದೊಂದು ಇದ್ದರೆ ಅದರ ಪಾಡಿಗೆ ಅದು ಇರುತ್ತದೆ. ಅದೇ ಗಡ್ಡೆ ಕರುಳಿನ ಒಳಗೋಡೆಯಲ್ಲಿ ಬೆಳೆದರೆ ಕಥೆಯೇ ಬೇರೆ. ಕರುಳು ಅದನ್ನೂ ಆಹಾರದ ಹಾಗೆ ಮುಂದಕ್ಕೆ ನೂಕುತ್ತದೆ. ಗೋಡೆಗೆ ಅಂಟಿಕೊಂಡಿರುವ ಗಡ್ಡೆ ತನ್ನ ಜೊತೆ ಗೋಡೆಯನ್ನೂ ಎಳೆದುಕೊಂಡು ಹೋಗುತ್ತದೆ. ಅಂಗಿಯ ತೋಳನ್ನು ಒಳಕ್ಕೆ ಎಳೆದ ಹಾಗೆ ಕರುಳು ಕರುಳಿನೊಳಗೆ ಸೇರಿಕೊಂಡು ದಾರಿ ಕಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ ಕೊಬ್ಬು. ಒಂದರಿಂದ ಯಾವ ತೊಂದರೆಯೂ ಇಲ್ಲ, ಇನ್ನೊಂದಕ್ಕೆ ರಾತ್ರೋರಾತ್ರಿ ಆಪರೇಷನ್ ಬೇಕಾಗಬಹುದು.

ಹೃದಯದ ಒಳಗೆ ಬೆಳೆಯುವ ಮಿಕ್ಸೋಮಾ ಇನ್ನೂ ಗಂಭೀರವಾದದ್ದು. ದೊಡ್ಡವರಲ್ಲಿ ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ನಾಲ್ಕರಲ್ಲಿ ಮೂರು ಪಾಲು ಎಡ ಹೃತ್ಕರ್ಣದಲ್ಲಿರುತ್ತವೆ. ಲೋಳೆಯಂಥ ಮೆತ್ತನೆಯ ಗಡ್ಡೆ, ಹೆಚ್ಚಾಗಿ ಒಂದು ತೊಟ್ಟಿನಿಂದ ನಡುಗೋಡೆಗೆ ನೇತಾಡುತ್ತಿರುತ್ತದೆ. ಪ್ರತಿ ಬಡಿತಕ್ಕೂ ಅದು ಕವಾಟದ ಬಾಯಿಗೆ ಜಾರಿ ಮತ್ತೆ ಹಿಂದೆ ಬರುತ್ತದೆ. ಬಾಯಿ ಮುಚ್ಚಿದಷ್ಟು ಹೊತ್ತು ರಕ್ತ ಮುಂದೆ ಹೋಗುವುದಿಲ್ಲ. ಉಸಿರು ಕಟ್ಟುತ್ತದೆ, ತಲೆ ಸುತ್ತುತ್ತದೆ. ಅದರ ಒಂದು ಚೂರು ಕಳಚಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಸಾಧು ಎಂಬ ಪದವನ್ನು ನಂಬಿ ಸುಮ್ನೆ ಕೂರುವ ಹಾಗಿಲ್ಲ.

ಅಲ್ಲಿಗೆ ಹೇಗೆ ಬಂತು

ಆ ಜಾಗದಲ್ಲಿ ಇದು ಹೇಗೆ ಹುಟ್ಟಿತು? ಸುದ್ದಿ ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ಕೆಲವು ಗಡ್ಡೆಗಳ ಉತ್ತರ ಸುಲಭ. ನರ, ಕೊಬ್ಬು, ರಕ್ತನಾಳದ ಗೋಡೆಯ ಸ್ನಾಯು ದೇಹದ ಎಲ್ಲ ಕಡೆ ಇವೆ. ಹಾಗಾಗಿ ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ ನಾಲಿಗೆಯಲ್ಲೂ ಬರಬಹುದು, ಬೆನ್ನುಹುರಿಯ ಬುಡದಲ್ಲೂ ಬರಬಹುದು, ಹೊಟ್ಟೆಯ ಹಿಂಭಾಗದಲ್ಲೂ ಬರಬಹುದು.

ಇನ್ನು ಕೆಲವಕ್ಕೆ ಉತ್ತರ ನಾವು ತಾಯಿಯ ಹೊಟ್ಟೆಯಲ್ಲಿದ್ದ ದಿನಗಳಲ್ಲಿದೆ. ಭ್ರೂಣ ಬೆಳೆಯುವಾಗ ಅಂಗಗಳು ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಸಾಗುತ್ತವೆ. ಕತ್ತಿನಲ್ಲಿ ಥೈರಾಯ್ಡ್ ಹಿಂದೆ ಇರುವ, ಅಕ್ಕಿ ಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾಗೆ ಸಾಗಿ ಬಂದವೇ. ಕೆಳಗಿನ ಜೋಡಿ ಥೈಮಸ್ ಗ್ರಂಥಿಯ ಜೊತೆ ಇಳಿಯುತ್ತದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಕೆಲವೊಮ್ಮೆ ಥೈಮಸ್ ಜೊತೆ ಎದೆಗೂಡಿನೊಳಗೇ ಹೋಗಿಬಿಡುತ್ತದೆ. ಮುಂದೆ ಅದರಲ್ಲಿ ಗಡ್ಡೆಯಾದರೆ, ಕತ್ತಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕ್ಯಾಪ್ಟನ್ ಕಥೆ ವೈದ್ಯಕೀಯ ಇತಿಹಾಸ ಓದಿದವರಿಗೆಲ್ಲ ಗೊತ್ತು. ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಾಗಿ ಅವರ ಮೂಳೆಗಳ ಸುಣ್ಣ ಕರಗುತ್ತಿತ್ತು. ಆರಡಿಗೂ ಎತ್ತರವಿದ್ದ ಮನುಷ್ಯ ಸುಮಾರು 7 ಇಂಚು ಕುಗ್ಗಿದರು. ಮೂಳೆಗಳು ಮತ್ತೆ ಮತ್ತೆ ಮುರಿದವು. 1926ರಲ್ಲಿ ರೋಗದ ಹೆಸರು ಗೊತ್ತಾಯಿತು. ಆದರೆ ಆರು ಆಪರೇಷನ್ ಆದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೆಯ ಸಲ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಎದೆಯ ಮೂಳೆ ಸೀಳಿ ನೋಡಿದಾಗ ಅದು ಅಲ್ಲಿತ್ತು. ಸುಮಾರು 3 ಸೆಂಟಿಮೀಟರ್‌ನ ಸಾಧು ಗಡ್ಡೆ. ಅಷ್ಟು ಹೊತ್ತಿಗೆ ಅವರ ಮೂತ್ರಪಿಂಡಗಳು ಕಲ್ಲುಗಳಿಂದ ಹಾಳಾಗಿದ್ದವು. ಕೆಲವು ವಾರಗಳಲ್ಲಿ ಅವರು ತೀರಿಕೊಂಡರು.

ಇವತ್ತು ಇದೇ ಗಡ್ಡೆಯನ್ನು ಆಪರೇಷನ್‌ಗೆ ಮುಂಚೆಯೇ ಹುಡುಕಲು ವಿಶೇಷ ಸ್ಕ್ಯಾನ್‌ಗಳಿವೆ. ಹಾಗಿದ್ದರೂ ಮಾರ್ಟೆಲ್ ಕಥೆ ಹಳತಾಗಿಲ್ಲ. ರಕ್ತಪರೀಕ್ಷೆ ‘ಗಡ್ಡೆ ಇದೆ’ ಎನ್ನುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಆಗ ನಂಬಬೇಕಾದದ್ದು ರಕ್ತಪರೀಕ್ಷೆಯನ್ನು, ಬದಲಿಸಬೇಕಾದದ್ದು ಹುಡುಕುವ ಜಾಗವನ್ನು.

ರೋಗಿಯ ಮಾತೇ ಮೊದಲ ಸುಳಿವು

ವಿಚಿತ್ರ ಜಾಗದ ಗಡ್ಡೆಗಳನ್ನು ಹಿಡಿಯುವಲ್ಲಿ ಸ್ಕ್ಯಾನ್‌ಗಿಂತ ಮೊದಲು ಕೆಲಸಕ್ಕೆ ಬರುವುದು ರೋಗಿ ಹೇಳುವ ಮಾತು. ಕೆಲವು ದೂರುಗಳು ಎಷ್ಟು ವಿಚಿತ್ರವೆಂದರೆ, ಅವನ್ನು ಹೇಳಿಕೊಳ್ಳಲು ರೋಗಿಗಳಿಗೇ ಸಂಕೋಚ.

ಮೂತ್ರ ಮಾಡುವಾಗಲೆಲ್ಲ ತಲೆ ಸಿಡಿಯುತ್ತದೆ, ಎದೆ ಡವಡವ ಎನ್ನುತ್ತದೆ, ಮೈ ಬೆವರುತ್ತದೆ ಎಂದು ಒಬ್ಬರು ಹೇಳಿದರು ಎಂದಿಟ್ಟುಕೊಳ್ಳಿ. ಕೇಳಿದವರಿಗೆ ಭಯದ ಕಾಯಿಲೆ ಅನ್ನಿಸಬಹುದು. ಆದರೆ ಮೂತ್ರಕೋಶದ ಗೋಡೆಯಲ್ಲಿ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಗಡ್ಡೆ ಇದ್ದರೆ ಹೀಗೇ ಆಗುತ್ತದೆ. ಅದು ಅಡ್ರಿನಲಿನ್ ಜಾತಿಯ ಹಾರ್ಮೋನು ತಯಾರಿಸುತ್ತದೆ. ಮೂತ್ರಕೋಶ ಹಿಂಡಿದಾಗಲೆಲ್ಲ ಗಡ್ಡೆಯೂ ಹಿಂಡಿಹೋಗಿ ಹಾರ್ಮೋನು ರಕ್ತಕ್ಕೆ ಸುರಿಯುತ್ತದೆ. ಆ ಹಾರ್ಮೋನು ಒಡೆದಾಗ ಉಂಟಾಗುವ ಮೆಟಾನೆಫ್ರಿನ್ ಎಂಬ ವಸ್ತುವನ್ನು ರಕ್ತದಲ್ಲೋ ಮೂತ್ರದಲ್ಲೋ ಅಳೆದರೆ ಅನುಮಾನ ಬಹುಮಟ್ಟಿಗೆ ಬಗೆಹರಿಯುತ್ತದೆ.

ರಾತ್ರಿ ಹೊತ್ತು ಕಾಡುವ ಮೂಳೆ ನೋವು, ಆಸ್ಪಿರಿನ್ ಅಥವಾ ಐಬುಪ್ರೊಫೆನ್ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಪವಾಡದ ಹಾಗೆ ಹೋಗುತ್ತದೆ, ರೋಗಿ ಹದಿಹರೆಯದವರು. ಈ ಮೂರೂ ಒಟ್ಟಿಗೆ ಬಂದರೆ ಆಸ್ಟಿಯಾಯ್ಡ್ ಆಸ್ಟಿಯೋಮಾ ನೆನಪಾಗಬೇಕು. 1935ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಹೆನ್ರಿ ಜಾಫೆ ಇದನ್ನು ಪ್ರತ್ಯೇಕ ಗಡ್ಡೆಯೆಂದು ವಿವರಿಸಿದರು. ನಡುವಿನ ತಿರುಳು ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್‌ಗಿಂತ ಚಿಕ್ಕದು. ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಅದರಲ್ಲಿ ಹೇರಳ. ಆ ಮಾತ್ರೆಗಳು ತಡೆಯುವುದೂ ಅದನ್ನೇ. ಉದ್ದ ಮೂಳೆಯಲ್ಲಿದ್ದರೆ ಬೇಗ ಸಿಗುತ್ತದೆ. ಬೆನ್ನೆಲುಬಿನಲ್ಲೋ ಸೊಂಟದ ಕೀಲಿನೊಳಗೋ ಇದ್ದರೆ ಬೆನ್ನು ಡೊಂಕು, ಸಂಧಿವಾತ ಎಂದು ಬೇರೆ ದಾರಿಗೆ ಹೋಗಿಬಿಡುತ್ತಾರೆ.

ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸುವ ಗಡ್ಡೆ ಇನ್ನೊಂದು ಇದೆ. ಮೈಯ ಮೂಳೆಗಳೆಲ್ಲ ನೋಯುತ್ತವೆ, ಸ್ನಾಯುಗಳು ಸೋಲುತ್ತವೆ, ಸುಮ್ನೆ ನಡೆದರೂ ಮೂಳೆಯಲ್ಲಿ ಬಿರುಕು ಬಿಡುತ್ತದೆ. ವಿಟಮಿನ್ ಡಿ ಕೊಟ್ಟರೂ ಸುಧಾರಣೆ ಇಲ್ಲ. ರಕ್ತದಲ್ಲಿ ಫಾಸ್ಫೇಟ್ ತೀರ ಕಡಿಮೆ. ಕಾರಣ ಮೂಳೆಯಲ್ಲಿಲ್ಲ. ಪಾದದಲ್ಲೋ ಮೂಗಿನ ಪಕ್ಕದ ಗಾಳಿಗೂಡಿನಲ್ಲೋ ತೊಡೆಯಲ್ಲೋ ಅಡಗಿರುವ ಬಟಾಣಿ ಗಾತ್ರದ ಗಡ್ಡೆಯೊಂದು ಎಫ್‌ಜಿಎಫ್23 ಎಂಬ ಹಾರ್ಮೋನನ್ನು ಸುರಿಸುತ್ತಿರುತ್ತದೆ. ಆ ಹಾರ್ಮೋನು ಮೂತ್ರಪಿಂಡಕ್ಕೆ ‘ಫಾಸ್ಫೇಟನ್ನು ಹೊರಗೆ ಹಾಕು’ ಎಂದು ಹೇಳುತ್ತಲೇ ಇರುತ್ತದೆ. ಫಾಸ್ಫೇಟ್ ಇಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ. ರಕ್ತದ ಫಾಸ್ಫೇಟ್ ನೋಡುವುದು ಒಂದು ಸಣ್ಣ ಪರೀಕ್ಷೆ. ಅದನ್ನು ಬರೆಸದೆ ಇದ್ದರೆ ಗಡ್ಡೆಯ ಸುಳಿವೇ ಸಿಗುವುದಿಲ್ಲ.

ಸ್ಕ್ಯಾನ್ ಏನು ಹೇಳುತ್ತದೆ

ಸ್ಕ್ಯಾನ್ ಎಂದರೆ ಗಡ್ಡೆಯ ಫೋಟೋ ಎಂದುಕೊಂಡಿರುತ್ತೇವೆ ಅಲ್ವಾ. ನಿಜವಾಗಿ ಅದು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಗಡ್ಡೆ ಯಾವುದರಿಂದ ಆದದ್ದು? ಎಲ್ಲಿಂದ ಹುಟ್ಟಿದ್ದು? ಪಕ್ಕದಲ್ಲಿ ಯಾರಿದ್ದಾರೆ?

ಮೊದಲನೆಯದಕ್ಕೆ ಕೆಲವೊಮ್ಮೆ ಅಲ್ಲೇ ಉತ್ತರ ಸಿಗುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ನೀರಿಗೆ ಸೊನ್ನೆ ಅಂಕ. ಕೊಬ್ಬು ಸೊನ್ನೆಗಿಂತ ಎಷ್ಟೋ ಕೆಳಗೆ, ಮೈನಸ್ 100ರ ಆಸುಪಾಸಿನಲ್ಲಿ ಬರುತ್ತದೆ. ಒಳಗೆಲ್ಲ ಒಂದೇ ಸಮನಾಗಿ ಆ ಅಂಕ ಇದ್ದರೆ ಅದು ಕೊಬ್ಬಿನ ಗಡ್ಡೆಯೇ. ಎಂಆರ್‌ಐನಲ್ಲಿ ಪ್ಯಾರಾಗ್ಯಾಂಗ್ಲಿಯೋಮಾ ಉಪ್ಪು ಮೆಣಸಿನ ಪುಡಿ ಚಿಮುಕಿಸಿದಂತೆ ಕಾಣುತ್ತದೆ; ಆ ಕಪ್ಪು ಚುಕ್ಕಿಗಳು ರಭಸದಿಂದ ರಕ್ತ ಹರಿಯುವ ನಾಳಗಳು.

ಎರಡನೆಯದಕ್ಕೆ ಉತ್ತರ ಹುಡುಕುವುದು ಒಂದು ಕಲೆ. ಗಂಟಲಿನ ಪಕ್ಕ, ಟಾನ್ಸಿಲ್ ಹಿಂದೆ, ಒಂದು ಇಕ್ಕಟ್ಟಿನ ಜಾಗವಿದೆ. ಅಲ್ಲಿ ಬೆಳೆದ ಗಡ್ಡೆ ಟಾನ್ಸಿಲನ್ನು ಬಾಯಿಯ ಒಳಕ್ಕೆ ತಳ್ಳುತ್ತದೆ. ನೋಡಿದವರಿಗೆ ಟಾನ್ಸಿಲ್ ಊದಿದೆ ಅನ್ನಿಸುತ್ತದೆ. ಅಲ್ಲಿಯ ಗಡ್ಡೆ ಎಂಜಲು ಗ್ರಂಥಿಯದ್ದೋ ನರದ್ದೋ ಎಂದು ತಿಳಿಯಲು ರೇಡಿಯಾಲಜಿಸ್ಟ್ ಮುಖ್ಯವಾಗಿ ನೋಡುವುದು ಕತ್ತಿನ ದೊಡ್ಡ ರಕ್ತನಾಳ ಯಾವ ಕಡೆಗೆ ಸರಿದಿದೆ ಎಂಬುದನ್ನು. ಎಂಜಲು ಗ್ರಂಥಿಯ ಗಡ್ಡೆ ನಾಳದ ಮುಂದೆ ಹುಟ್ಟುತ್ತದೆ, ಹಾಗಾಗಿ ನಾಳವನ್ನು ಹಿಂದಕ್ಕೆ ಒತ್ತುತ್ತದೆ. ನರದ ಗಡ್ಡೆ ನಾಳದ ಹಿಂದೆ ಹುಟ್ಟಿ ಅದನ್ನು ಮುಂದಕ್ಕೆ ನೂಕುತ್ತದೆ. ಆ ನಾಳ ಎರಡಾಗಿ ಕವಲೊಡೆಯುವಲ್ಲೇ ಗಡ್ಡೆ ಹುಟ್ಟಿದರೆ, ಮರದ ಕವಲಿನಲ್ಲಿ ಚೆಂಡು ಸಿಕ್ಕಿಸಿದ ಹಾಗೆ ಎರಡೂ ಕವಲುಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ಅದು ಕೆರೋಟಿಡ್ ಬಾಡಿ ಗಡ್ಡೆ. ಬೆರಳಿನಿಂದ ಅದನ್ನು ಅಕ್ಕಪಕ್ಕ ಅಲುಗಿಸಬಹುದು, ಮೇಲೆ ಕೆಳಗೆ ಅಲುಗಿಸಲು ಆಗುವುದಿಲ್ಲ.

ಫಾಸ್ಫೇಟ್ ಕದಿಯುವ ಪುಟ್ಟ ಗಡ್ಡೆ ಎಲ್ಲಿದೆ ಎಂದು ತಿಳಿಯದಿದ್ದಾಗ ಡೋಟಾಟೇಟ್ ಪೆಟ್ ಸ್ಕ್ಯಾನ್ ಮಾಡುತ್ತಾರೆ. ಆ ಗಡ್ಡೆಯ ಕೋಶಗಳ ಮೇಲಿನ ಒಂದು ಬಗೆಯ ಗ್ರಾಹಕಕ್ಕೆ ಅಂಟಿಕೊಳ್ಳುವ ವಸ್ತುವನ್ನು ರಕ್ತಕ್ಕೆ ಬಿಟ್ಟು, ತಲೆಯಿಂದ ಕಾಲ್ಬೆರಳ ತನಕ ಚಿತ್ರ ತೆಗೆಯುತ್ತಾರೆ. ಕಾಲ್ಬೆರಳ ತನಕ ಎಂಬುದು ಮುಖ್ಯ. ಮಾಮೂಲಿ ಪೆಟ್ ಸ್ಕ್ಯಾನ್ ತೊಡೆಯಲ್ಲೇ ನಿಲ್ಲುತ್ತದೆ, ಗಡ್ಡೆ ಪಾದದಲ್ಲಿದ್ದರೆ ತಪ್ಪಿಹೋಗುತ್ತದೆ.

ಸೂಜಿ ಯಾವಾಗ, ಬೇಡ ಯಾವಾಗ

‘ಗಡ್ಡೆ ಅಂದಮೇಲೆ ಒಂದು ಚೂರು ತೆಗೆದು ಟೆಸ್ಟ್ ಮಾಡಬಾರದಾ?’ ಇದು ಸಹಜ ಪ್ರಶ್ನೆ. ಹೆಚ್ಚಿನ ಗಡ್ಡೆಗಳಿಗೆ ಬಯಾಪ್ಸಿ ಸರಿಯಾದ ದಾರಿಯೇ. ಹೊಟ್ಟೆಯ ಹಿಂಭಾಗದಲ್ಲಿ ಗಡ್ಡೆಯೊಂದು ಕಂಡು ಸ್ಕ್ಯಾನ್‌ನಿಂದ ಹೆಸರು ಹೇಳಲಾಗದಿದ್ದರೆ, ದಪ್ಪ ಸೂಜಿಯಿಂದ ಚೂರು ತೆಗೆದು ನೋಡಿಯೇ ಮುಂದೆ ಹೋಗಬೇಕು. ಅದು ಕ್ಯಾನ್ಸರ್ ಆಗಿದ್ದರೆ ಆಪರೇಷನ್ನಿನ ರೂಪವೇ ಬದಲಾಗುತ್ತದೆ.

ಆದರೆ ಸೂಜಿ ಚುಚ್ಚುವುದೇ ಅಪಾಯವಾಗುವ ಗಡ್ಡೆಗಳೂ ಇವೆ. ಹಾರ್ಮೋನು ಸುರಿಸುವ ಪ್ಯಾರಾಗ್ಯಾಂಗ್ಲಿಯೋಮಾಗೆ ತಯಾರಿಯಿಲ್ಲದೆ ಸೂಜಿ ಹಾಕಿದರೆ ರಕ್ತದೊತ್ತಡ ಹಠಾತ್ತನೆ ಏರಿ ಪ್ರಾಣಕ್ಕೇ ಕುತ್ತಾಗಬಹುದು. ಹದಿಹರೆಯದ ಹುಡುಗನಿಗೆ ಒಂದು ಕಡೆ ಮೂಗು ಕಟ್ಟಿಕೊಂಡು ಪದೇ ಪದೇ ರಕ್ತ ಸೋರುತ್ತಿದ್ದರೆ, ಮೂಗಿನ ಹಿಂದೆ ಆಂಜಿಯೋಫೈಬ್ರೋಮಾ ಇರಬಹುದು. ಅದು ರಕ್ತನಾಳಗಳ ಗೊಂಚಲು. ಹೊರರೋಗಿ ವಿಭಾಗದಲ್ಲಿ ಕೂರಿಸಿ ಅದರಿಂದ ಚೂರು ಕೀಳಲು ಹೋದರೆ ರಕ್ತ ನಿಲ್ಲಿಸುವುದು ಕಷ್ಟ. ಮಗುವಿನ ಮೂಗಿನ ಬುಡದಲ್ಲಿ, ನಡುಗೆರೆಯ ಮೇಲೆ ಗಂಟಿದ್ದರೆ ಮೊದಲು ಸ್ಕ್ಯಾನ್ ಆಗಲೇಬೇಕು. ಅದು ಗಡ್ಡೆಯಲ್ಲದೆ ತಲೆಬುರುಡೆಯ ಕಿಂಡಿಯಿಂದ ಕೆಳಗಿಳಿದ ಮೆದುಳಿನ ಭಾಗವೇ ಆಗಿರಬಹುದು. ಅದಕ್ಕೆ ಸೂಜಿ ಹಾಕಿದರೆ ಮೆದುಳಿನ ನೀರು ಸೋರುತ್ತದೆ, ಸೋಂಕು ಒಳಗೆ ಹೋಗುತ್ತದೆ.

ಹಾಗಾಗಿ ‘ಬಯಾಪ್ಸಿ ಬೇಡ’ ಎಂದು ವೈದ್ಯರು ಹೇಳಿದರೆ ಅದು ಉದಾಸೀನ ಎಂದುಕೊಳ್ಳಬೇಡಿ. ಯಾಕೆ ಬೇಡ ಎಂದು ಕೇಳಿ. ಕೇಳುವ ಹಕ್ಕು ನಿಮ್ಮದು.

ಕತ್ತಿ ಹಿಡಿಯುವ ಮೊದಲು

ಅಪರೂಪದ ಗಡ್ಡೆಯ ಆಪರೇಷನ್ನಿನಲ್ಲಿ ಅರ್ಧ ಕೆಲಸ ಥಿಯೇಟರಿನ ಹೊರಗೇ ನಡೆಯುತ್ತದೆ. ಹಾರ್ಮೋನು ಸುರಿಸುವ ಗಡ್ಡೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆಪರೇಷನ್‌ಗೆ 7ರಿಂದ 14 ದಿನ ಮೊದಲೇ ಆಲ್ಫಾ ಬ್ಲಾಕರ್ ಮಾತ್ರೆ ಶುರು ಮಾಡುತ್ತಾರೆ. ಬಿಗಿದುಕೊಂಡಿದ್ದ ರಕ್ತನಾಳಗಳು ಸಡಿಲವಾಗುತ್ತವೆ. ಆ ಖಾಲಿ ಜಾಗ ತುಂಬಲು ನೀರು, ಉಪ್ಪು ಜಾಸ್ತಿ ಕೊಡುತ್ತಾರೆ. ಎದೆಬಡಿತ ಹೆಚ್ಚಿದ್ದರೆ ಬೀಟಾ ಬ್ಲಾಕರ್ ಕೊಡುವುದು ಅದಾದ ಮೇಲೆಯೇ, ಮೊದಲು ಯಾವತ್ತೂ ಅಲ್ಲ. ಬೀಟಾವನ್ನು ಮೊದಲು ತಡೆದರೆ ನಾಳಗಳನ್ನು ಹಿಗ್ಗಿಸುವ ಶಕ್ತಿ ನಿಂತು, ಬಿಗಿಯುವ ಶಕ್ತಿಯೊಂದೇ ಉಳಿದು ಒತ್ತಡ ಇನ್ನೂ ಏರುತ್ತದೆ. ಮಾತ್ರೆಗಳ ಸರದಿಯಲ್ಲೇ ಜೀವ ಇದೆ. ಗಡ್ಡೆಗೆ ಬರುವ ರಕ್ತನಾಳಗಳನ್ನು ಕಟ್ಟಿದ ಕ್ಷಣ ಒತ್ತಡ ಇದ್ದಕ್ಕಿದ್ದಂತೆ ಕುಸಿಯಬಹುದು. ಅರಿವಳಿಕೆ ವೈದ್ಯರು ಅದಕ್ಕೂ ತಯಾರಾಗಿರಬೇಕು.

ಮೂಗಿನ ಹಿಂದಿನ ಆಂಜಿಯೋಫೈಬ್ರೋಮಾಗೆ ಬೇರೆ ತಯಾರಿ. ತೊಡೆಯ ಸಂದಿನ ನಾಳದಿಂದ ತೆಳುವಾದ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಕೊಡುವ ನಾಳಗಳನ್ನು ಸಣ್ಣ ಕಣಗಳಿಂದ ಮುಚ್ಚುತ್ತಾರೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಆಪರೇಷನ್ ಆಗಬೇಕು. ತಡವಾದರೆ ದೇಹ ಹೊಸ ದಾರಿ ಮಾಡಿಕೊಂಡು ಮತ್ತೆ ರಕ್ತ ಹರಿಸುತ್ತದೆ.

ಹೃದಯದ ಮಿಕ್ಸೋಮಾಗೆ ಮಾತ್ರ ಕಾಯುವ ಮಾತಿಲ್ಲ. ಎಕೋದಲ್ಲಿ ಕಂಡ ಮೇಲೆ ಆದಷ್ಟು ಬೇಗ ತೆಗೆಯುತ್ತಾರೆ. ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ 1954ರಲ್ಲಿ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇದನ್ನು ಮೊದಲ ಬಾರಿಗೆ ಯಶಸ್ವಿಯಾಗಿ ತೆಗೆದರು. ಅಲ್ಲಿಯವರೆಗೆ ಇದು ಹೆಚ್ಚಾಗಿ ಮರಣೋತ್ತರ ಪರೀಕ್ಷೆಯಲ್ಲಿ ಸಿಗುತ್ತಿದ್ದ ಗಡ್ಡೆ. ಬಡಿಯುವ ಹೃದಯವನ್ನು ನಿಲ್ಲಿಸಿ, ಹೃತ್ಕರ್ಣ ತೆರೆದು, ತೊಟ್ಟು ಅಂಟಿಕೊಂಡ ನಡುಗೋಡೆಯ ಒಂದು ಬಿಲ್ಲೆಯನ್ನೂ ಸೇರಿಸಿ ತೆಗೆಯುತ್ತಾರೆ. ಆ ತೂತನ್ನು ಹೊಲಿಯುತ್ತಾರೆ ಅಥವಾ ತೇಪೆ ಹಾಕುತ್ತಾರೆ. ಗಡ್ಡೆಯನ್ನು ಹೆಚ್ಚು ಮುಟ್ಟಬಾರದು, ಒಡೆಯಬಾರದು. ಉದುರಿದ ಒಂದು ಚೂರೂ ರಕ್ತದಲ್ಲಿ ಉಳಿಯಬಾರದು.

ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪು

ಮತ್ತೆ ಗಂಟಲಿನ ಪಕ್ಕದ ಆ ಇಕ್ಕಟ್ಟಿನ ಜಾಗಕ್ಕೆ ಬರೋಣ. ಗಡ್ಡೆಯ ಹೆಸರು ಮೊದಲೇ ತಿಳಿದಿರುವುದು ಯಾಕೆ ಇಷ್ಟು ಮುಖ್ಯ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಅಲ್ಲಿರುವುದು ಶ್ವಾನೋಮಾ ಎಂದಿಟ್ಟುಕೊಳ್ಳಿ. ಅದು ನರದ ಹೊದಿಕೆಯಿಂದ ಹುಟ್ಟಿ ನರದ ಒಂದು ಪಕ್ಕದಲ್ಲಿ ಬೆಳೆಯುತ್ತದೆ. ನರದ ಎಳೆಗಳು ಗಡ್ಡೆಯ ಮೈಮೇಲೆ ಹರಡಿಕೊಂಡಿರುತ್ತವೆ. ಸರ್ಜನ್ ಸೂಕ್ಷ್ಮವಾದ ವಿದ್ಯುತ್ ತುದಿಯಿಂದ ಮುಟ್ಟಿ ಮುಟ್ಟಿ ಎಳೆ ಇಲ್ಲದ ಜಾಗ ಹುಡುಕುತ್ತಾರೆ. ಅಲ್ಲಿ ಹೊದಿಕೆಯನ್ನು ಉದ್ದಕ್ಕೆ ಸೀಳಿ, ಅವರೆಕಾಳನ್ನು ಹಿಚುಕಿ ಸಿಪ್ಪೆಯಿಂದ ಬಿಡಿಸಿದ ಹಾಗೆ ಗಡ್ಡೆಯನ್ನು ಹೊರಗೆ ತರುತ್ತಾರೆ. ಸಿಪ್ಪೆ ಅಲ್ಲೇ ಉಳಿಯುತ್ತದೆ, ಅದರ ಜೊತೆ ನರವೂ. ನುಂಗುವುದು, ಮಾತಾಡುವುದು ಆ ಎಳೆಗಳ ಮೇಲೆ ನಿಂತಿದೆ. ಸಾಧು ಗಡ್ಡೆಯನ್ನು ಪೂರ್ತಿ ಕೀಳುವ ಹಟದಲ್ಲಿ ಧ್ವನಿಯನ್ನೇ ಕಳೆದರೆ ಅದು ಯಾವ ಲಾಭ?

ಅದೇ ಜಾಗದಲ್ಲಿರುವುದು ಎಂಜಲು ಗ್ರಂಥಿಯ ಪ್ಲಿಯೋಮಾರ್ಫಿಕ್ ಅಡಿನೋಮಾ ಆಗಿದ್ದರೆ ಸಿಪ್ಪೆ ಸುಲಿಯುವ ವಿಧಾನ ದೊಡ್ಡ ತಪ್ಪು. ಅದಕ್ಕೂ ಸಿಪ್ಪೆಯಿದೆ. ಆದರೆ ಅದು ಅಲ್ಲಲ್ಲಿ ತೆಳುವಾಗಿದ್ದು, ಗಡ್ಡೆಯ ಪುಟ್ಟ ಪುಟ್ಟ ಬೆರಳುಗಳು ಅದರಾಚೆಗೂ ಚಾಚಿರುತ್ತವೆ. ಹಿಂದಿನ ಕಾಲದಲ್ಲಿ ಇದನ್ನೂ ಸುಲಿದು ತೆಗೆಯುತ್ತಿದ್ದರು. ಎಷ್ಟೋ ಜನರಲ್ಲಿ ಅದು ಮರಳಿ ಬಂತು. ಒಂದಾಗಿ ಬರಲಿಲ್ಲ, ಚೆಲ್ಲಿದ ಸಾಸಿವೆಯ ಹಾಗೆ ಹತ್ತಾರು ಗಂಟುಗಳಾಗಿ ಬಂತು. ಈಗ ಸುತ್ತಲಿನ ಆರೋಗ್ಯವಂತ ಅಂಗಾಂಶದ ಒಂದು ಪದರದೊಂದಿಗೆ, ಒಡೆಯದಂತೆ ಇಡಿಯಾಗಿ ತೆಗೆಯುತ್ತಾರೆ. ಹಾಗಾಗಿ ಹೆಚ್ಚಾಗಿ ಕತ್ತಿನ ದಾರಿಯಿಂದಲೇ ಹೋಗುತ್ತಾರೆ. ಆ ದಾರಿಯಲ್ಲಿ ದೊಡ್ಡ ರಕ್ತನಾಳ, ನರಗಳು ಕಣ್ಣೆದುರೇ ಇರುತ್ತವೆ. ಬಾಯಿಯಿಂದ ಕೈಹಾಕಿ ಕುರುಡಾಗಿ ಎಳೆಯುವುದು ಅಪಾಯ. ಆಯ್ದ ಕೆಲವರಲ್ಲಿ ರೋಬೋಟ್ ನೆರವಿನಿಂದ ಬಾಯಿಯ ಮೂಲಕವೂ ಮಾಡುತ್ತಾರೆ. ದವಡೆ ಸೀಳುವ ಪ್ರಸಂಗ ಈಗ ಅಪರೂಪ.

ಕೆರೋಟಿಡ್ ಬಾಡಿ ಗಡ್ಡೆಯಲ್ಲಿ ಲೆಕ್ಕ ಮತ್ತೊಂದು. ಗಡ್ಡೆ ನಾಳವನ್ನು ಎಷ್ಟು ಸುತ್ತಿಕೊಂಡಿದೆ ಎಂಬುದರ ಮೇಲೆ 1971ರಲ್ಲಿ ಶ್ಯಾಂಬ್ಲಿನ್ ಮತ್ತು ಸಂಗಡಿಗರು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿನಲ್ಲಿ ಸುಲಭವಾಗಿ ಬಿಡಿಸಬಹುದು. ಮೂರನೆಯದರಲ್ಲಿ ನಾಳ ಗಡ್ಡೆಯೊಳಗೇ ಹೂತುಹೋಗಿರುತ್ತದೆ, ನಾಳದ ತುಂಡನ್ನೇ ಬದಲಿಸಬೇಕಾಗಬಹುದು. ಅದಕ್ಕೇ ರಕ್ತನಾಳದ ಸರ್ಜನ್ ಪಕ್ಕದಲ್ಲಿರಬೇಕು. ಇದೂ ಪ್ಯಾರಾಗ್ಯಾಂಗ್ಲಿಯೋಮಾ ಜಾತಿಯದೇ. ಈ ಜಾತಿಯ ಗಡ್ಡೆಗಳಲ್ಲಿ ಬಹುಪಾಲು ಹರಡದೆ ಇದ್ದರೂ, ಯಾವುದು ಹರಡುತ್ತದೆ ಎಂದು ಕೋಶ ನೋಡಿ ಖಚಿತವಾಗಿ ಹೇಳಲಾಗದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇವಕ್ಕೆ ಸಾಧು ಎಂಬ ಹಣೆಪಟ್ಟಿಯನ್ನೇ ಕೈಬಿಟ್ಟಿತು. ಕೆಲವರಲ್ಲಿ ಎಸ್‌ಡಿಎಚ್ ಜೀನುಗಳ ದೋಷ ಇರುತ್ತದೆ. ಆಗ ಮನೆಯ ಉಳಿದವರಿಗೂ ಪರೀಕ್ಷೆ ಬೇಕು.

ಮೂಳೆಯ ಆಸ್ಟಿಯಾಯ್ಡ್ ಆಸ್ಟಿಯೋಮಾಗೆ ಈಗ ಹೆಚ್ಚಾಗಿ ಕತ್ತಿಯೇ ಬೇಡ. ಸಿಟಿ ನೋಡಿಕೊಂಡು ಸೂಜಿ ತೂರಿಸಿ, ರೇಡಿಯೋ ತರಂಗದ ಶಾಖದಿಂದ ತಿರುಳನ್ನು ಸುಡುತ್ತಾರೆ. ನರ ತೀರ ಹತ್ತಿರವಿದ್ದರೆ ಮಾತ್ರ ಯೋಚಿಸಬೇಕು.

ಬಿಟ್ಟುಬಿಡುವುದೂ ಚಿಕಿತ್ಸೆಯೇ

ಮೆದುಳಿನ ಎರಡು ಭಾಗಗಳ ನಡುವಿನ ಸೇತುವೆಯ ಮೇಲೆ ಕೊಬ್ಬಿನ ಗಡ್ಡೆ ಸಿಕ್ಕರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ರಕ್ತನಾಳ, ನರಗಳು ಅದರೊಳಗೇ ಹಾದುಹೋಗುತ್ತವೆ, ತೆಗೆದರೆ ಹಾನಿ ಜಾಸ್ತಿ. ಡೆಸ್ಮಾಯ್ಡ್ ಎಂಬ ಗಡ್ಡೆ ದೂರಕ್ಕೆ ಹರಡುವುದಿಲ್ಲ, ಆದರೆ ಅಕ್ಕಪಕ್ಕಕ್ಕೆ ನುಗ್ಗುತ್ತದೆ. ಕತ್ತರಿಸಿದಷ್ಟೂ ಮರಳಿ ಬರುವ ಸ್ವಭಾವ ಅದರದು. ಹಿಂದೆ ಕಂಡ ತಕ್ಷಣ ಕತ್ತರಿಸುತ್ತಿದ್ದರು. ಈಗ ಮೊದಲು ಎಂಆರ್‌ಐ ಮಾಡುತ್ತಾ ಕಾಯುತ್ತಾರೆ. ಎಷ್ಟೋ ಡೆಸ್ಮಾಯ್ಡ್‌ಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಕೆಲವು ತಾವಾಗಿ ಕುಗ್ಗುತ್ತವೆ. ಮೈಯಲ್ಲಿ ಗಡ್ಡೆ ಇಟ್ಟುಕೊಂಡು ಕಾಯುವುದು ರೋಗಿಗೆ ಸುಲಭವಲ್ಲ. ಮುಂದಿನ ಸ್ಕ್ಯಾನ್ ಯಾವಾಗ, ಎಷ್ಟು ಬೆಳೆದರೆ ಏನು ಮಾಡುತ್ತೇವೆ ಎಂದು ವೈದ್ಯರು ಮೊದಲೇ ಬಿಡಿಸಿ ಹೇಳಿದರೆ ಆ ಕಾಯುವಿಕೆಯನ್ನು ಸಹಿಸಬಹುದು.

ಆಪರೇಷನ್ ಆದ ಮೇಲೆ

ತೆಗೆದ ಗಡ್ಡೆ ಪೆಥಾಲಜಿಸ್ಟ್ ಕೈಗೆ ಹೋಗುತ್ತದೆ. ಆಪರೇಷನ್ ನಡೆಯುವಾಗಲೇ ಚೂರೊಂದನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು ಸುಮಾರು 20 ನಿಮಿಷದಲ್ಲಿ ಅಂದಾಜು ಹೇಳಬಹುದು. ಆದರೆ ಅಪರೂಪದ ಗಡ್ಡೆಯಲ್ಲಿ ಆ ಅವಸರದ ಉತ್ತರ ಕೆಲವೊಮ್ಮೆ ತಪ್ಪುತ್ತದೆ. ಹಳೆಯ ಶ್ವಾನೋಮಾದ ಕೋಶಗಳು ವಯಸ್ಸಾಗಿ ಅಂಕುಡೊಂಕಾಗಿ, ಕ್ಯಾನ್ಸರ್ ಎಂದು ಹೆದರಿಸುವ ಹಾಗೆ ಕಾಣುವುದುಂಟು. ಅದಕ್ಕೇ ಪೂರ್ತಿ ವರದಿಗೆ ಕಾಯಬೇಕು. ಪ್ರೋಟೀನುಗಳಿಗೆ ಬಣ್ಣ ಹಚ್ಚಿ ನೋಡುತ್ತಾರೆ. ಎಸ್100 ಎಂಬ ಪ್ರೋಟೀನಿನ ಬಣ್ಣ ಎಲ್ಲೆಡೆ ಗಾಢವಾಗಿ ಹತ್ತಿದರೆ ಶ್ವಾನೋಮಾ ಕಡೆಗೆ, ಸ್ಟ್ಯಾಟ್6 ಎಂಬುದರ ಬಣ್ಣ ಕೋಶದ ಬೀಜದಲ್ಲಿ ಹತ್ತಿದರೆ ಒಂಟಿ ನಾರುಗಡ್ಡೆ ಎಂಬ ಇನ್ನೊಂದು ಗಡ್ಡೆಯ ಕಡೆಗೆ ತೂಗುತ್ತದೆ. ವರದಿಯ ಬಗ್ಗೆ ಅನುಮಾನವಿದ್ದರೆ ಅದೇ ಗಾಜಿನ ಸ್ಲೈಡನ್ನು ಇನ್ನೊಬ್ಬ ಪರಿಣತರಿಗೆ ತೋರಿಸುವುದರಲ್ಲಿ ತಪ್ಪೇನೂ ಇಲ್ಲ.

ಚೇತರಿಕೆಯಲ್ಲೂ ಜಾಗದ ಗುರುತು ಉಳಿಯುತ್ತದೆ. ಗಂಟಲಿನ ಪಕ್ಕದ ಆಪರೇಷನ್ ಆದ ಕೆಲವರಿಗೆ ಊಟದ ಮೊದಲ ತುತ್ತಿಗೆ ದವಡೆಯಲ್ಲಿ ಚಳುಕು ಹೊಡೆದಂಥ ನೋವು ಬರುತ್ತದೆ. ಎರಡನೆಯ, ಮೂರನೆಯ ತುತ್ತಿಗೆ ಕಡಿಮೆಯಾಗುತ್ತದೆ. ಅಲ್ಲಿಯ ನರದ ಎಳೆಗಳು ಕಡಿದದ್ದರಿಂದ ಎಂಜಲು ಗ್ರಂಥಿ ತಪ್ಪಾಗಿ ಹಿಂಡಿಕೊಳ್ಳುವುದೇ ಅದಕ್ಕೆ ಕಾರಣ. ಮೊದಲೇ ಹೇಳಿದ್ದರೆ ರೋಗಿ ಗಡ್ಡೆ ಮರಳಿ ಬಂತೆಂದು ಗಾಬರಿಯಾಗುವುದಿಲ್ಲ.

ಫಾಸ್ಫೇಟ್ ಕದಿಯುತ್ತಿದ್ದ ಗಡ್ಡೆ ಪೂರ್ತಿ ಹೋದರೆ ಹಾರ್ಮೋನು ಗಂಟೆಗಳಲ್ಲೇ ಇಳಿಯುತ್ತದೆ, ಫಾಸ್ಫೇಟ್ ಕೆಲವು ದಿನಗಳಲ್ಲಿ ಮೇಲೆ ಬರುತ್ತದೆ. ಮೂಳೆ ಗಟ್ಟಿಯಾಗಲು ಮಾತ್ರ ತಿಂಗಳುಗಳು ಬೇಕು. ಮಿಕ್ಸೋಮಾ ತೆಗೆಸಿಕೊಂಡವರಿಗೆ ವರ್ಷ ವರ್ಷ ಎಕೋ ಮಾಡುತ್ತಾರೆ. ಮೈಮೇಲೆ ವಿಶೇಷ ಮಚ್ಚೆಗಳು, ಮನೆಯಲ್ಲಿ ಇನ್ನೊಬ್ಬರಿಗೂ ಇದೇ ಗಡ್ಡೆ ಇದ್ದರೆ ಕಾರ್ನಿ ಕಾಂಪ್ಲೆಕ್ಸ್ ಎಂಬ ವಂಶವಾಹಿ ಕಾಯಿಲೆ ಇರಬಹುದು, ಅಂಥವರಲ್ಲಿ ಮರಳಿ ಬರುವ ಸಂಭವ ಹೆಚ್ಚು. ಎಂಜಲು ಗ್ರಂಥಿಯ ಅಡಿನೋಮಾ 10, 20 ವರ್ಷ ಕಳೆದ ಮೇಲೂ ತಲೆ ಎತ್ತಬಹುದು. ಅಷ್ಟು ಹೊತ್ತಿಗೆ ಆಪರೇಷನ್ ಮಾಡಿದವರು ನಿವೃತ್ತರಾಗಿರುತ್ತಾರೆ, ಆಸ್ಪತ್ರೆಯ ಕಡತ ಸಿಗದೆ ಹೋಗಬಹುದು. ಹಾಗಾಗಿ ಆಪರೇಷನ್ ಟಿಪ್ಪಣಿ, ಪೆಥಾಲಜಿ ವರದಿ ಎರಡರ ಪ್ರತಿಯನ್ನೂ ಕೇಳಿ ಪಡೆದು ಮನೆಯಲ್ಲಿಟ್ಟುಕೊಳ್ಳಿ. ಗಡ್ಡೆ ಇಡಿಯಾಗಿ ಬಂತೋ, ಒಡೆದು ಬಂತೋ ಎಂಬ ಒಂದು ಸಾಲು ಅದರಲ್ಲಿರುತ್ತದೆ. ಮುಂದೆ ನಿಮ್ಮ ಕತ್ತನ್ನು ಮುಟ್ಟಿ ನೋಡುವ ವೈದ್ಯರು ಮೊದಲು ಹುಡುಕುವುದು ಆ ಸಾಲನ್ನೇ.